ಸಾವಿರ ಪದಗಳ ಪಿಡಿಎಫ್ ಮತ್ತು ನಾವು

ಈ ವರ್ಷ ನಮ್ಮ ಕಾಲೇಜಿನ ಕಲಾ, ವಾಣಿಜ್ಯ ವಿಭಾಗದ ಕೆಲವರು ಕ್ಲ್ಯಾಟ್ ಬರೆಯುವ ಯೋಚನೆಯಲ್ಲಿದ್ದಾರೆ. ನೀಟ್, ಸಿಇಟಿ ಬಿಟ್ಟರೆ ಬೇರೆ ಪರೀಕ್ಷೆಯೇ ಇಲ್ಲ ಎಂಬಂತಿದ್ದ ನಮ್ಮಲ್ಲಿ ಕಾನೂನು ಓದುವ ಆಸೆ ಹುಟ್ಟಿದ್ದೇ ಸಂತೋಷದ ವಿಷಯ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಾವಿರ ಇಂಗ್ಲಿಷ್ ಪದಗಳ ಪಿಡಿಎಫ್ ತೆರೆದವರು ‘ಎ’ ಅಕ್ಷರ ಮುಗಿಯುವ ಮೊದಲೇ “ಇದು ಕನ್ನಡ ಮೀಡಿಯಂನಿಂದ ಬಂದವರಿಗಲ್ಲ” ಎಂದು ಕೈಬಿಡುತ್ತಿದ್ದಾರೆ.

ಸ್ನೇಹಿತರೇ, ಆ ಪಿಡಿಎಫ್ ಹಳೆಯ ಪರೀಕ್ಷೆಯದ್ದು. ಮೊದಲು ಬಿಡಿ ಪದ ಕೊಟ್ಟು ಅರ್ಥ ಕೇಳುತ್ತಿದ್ದರು, ಉರು ಹೊಡೆದವರಿಗೆ ಲಾಭವಿತ್ತು. 2020ರಿಂದ ಸುಮಾರು 450 ಪದಗಳ ಬರಹ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಈಗ 2 ಗಂಟೆಯಲ್ಲಿ 120 ಪ್ರಶ್ನೆ, ತಪ್ಪು ಉತ್ತರಕ್ಕೆ 0.25 ಅಂಕ ಕಡಿತ. ಇಂಗ್ಲಿಷ್ ವಿಭಾಗದ್ದು ಐದನೇ ಒಂದು ಪಾಲು ಅಷ್ಟೇ. ಆದರೆ ಕಾನೂನು, ತರ್ಕ, ಪ್ರಚಲಿತ ವಿದ್ಯಮಾನ ಎಲ್ಲವೂ ಇಂಗ್ಲಿಷಿನ ಉದ್ದುದ್ದ ಬರಹಗಳೇ. ಓದುವ ಅಭ್ಯಾಸವಿಲ್ಲದೆ ಪದ ಮಾತ್ರ ಗೊತ್ತಿದ್ದವನು ಎರಡು ಗಂಟೆಯಲ್ಲಿ ಅರ್ಧ ದಾರಿಯಲ್ಲೇ ಉಳಿಯುತ್ತಾನೆ.

‘ಸ್ಯಾಂಕ್ಷನ್’ ಪದವನ್ನೇ ನೋಡಿ. ಬ್ಯಾಂಕಿನಲ್ಲಿ ಸಾಲ ಸ್ಯಾಂಕ್ಷನ್ ಆಯಿತು ಎಂದರೆ ಮಂಜೂರಾಯಿತು. ಒಂದು ದೇಶದ ಮೇಲೆ ಸ್ಯಾಂಕ್ಷನ್ ಹಾಕಿದರು ಎಂದರೆ ನಿರ್ಬಂಧ ಹೇರಿದರು. ಒಂದೇ ಪದ, ಹೆಚ್ಚುಕಡಿಮೆ ವಿರುದ್ಧ ಅರ್ಥ. ಯಾವುದು ಎಂದು ಪಟ್ಟಿ ಹೇಳುವುದಿಲ್ಲ, ಸುತ್ತಲಿನ ವಾಕ್ಯ ಹೇಳುತ್ತದೆ.

ಹಾಗೆಂದು ಪದ ಕಲಿಯುವುದೇ ಬೇಡವೆಂದಲ್ಲ. ಕಲಿಯುವ ದಾರಿ ನಮ್ಮಲ್ಲಿ ಹಲವರಿಗೆ ಆಗಲೇ ಗೊತ್ತಿದೆ. ಮದ್ರಸದಲ್ಲಿ ಸ್ವಲ್ಪ ಅರಬಿ ಕಲಿತವರು ಕಿತಾಬ್, ಕಾತಿಬ್, ಮಕ್ತಬ್ ಎಲ್ಲವೂ ‘ಬರೆಯುವುದು’ ಎಂಬ ಒಂದೇ ಬೇರಿನವು ಎಂದು ಬಲ್ಲರು. ಇಂಗ್ಲಿಷಿನಲ್ಲೂ ಸ್ಕ್ರಿಪ್ಟ್, ಮ್ಯಾನುಸ್ಕ್ರಿಪ್ಟ್, ಪ್ರಿಸ್ಕ್ರಿಪ್ಷನ್ ಒಂದೇ ಬೇರಿನವು, ಅದೂ ಬರೆಯುವುದೇ! ಒಂದು ಬೇರು ಹಿಡಿದರೆ ಏಳೆಂಟು ಪದ ಕೈಗೆ ಬರುತ್ತವೆ. ಆದರೆ ಬೇರನ್ನೂ ಕಣ್ಣುಮುಚ್ಚಿ ನಂಬಬೇಡಿ. ‘ಪ್ರಿಸ್ಕ್ರೈಬ್’ ಎಂದರೆ ವಿಧಿಸು, ‘ಪ್ರೊಸ್ಕ್ರೈಬ್’ ಎಂದರೆ ನಿಷೇಧಿಸು. ಕಾನೂನು ಓದುವವನಿಗೆ ಈ ಒಂದು ಅಕ್ಷರದ ವ್ಯತ್ಯಾಸ ಸಣ್ಣದಲ್ಲ.

ಕಾನೂನಿನ ಭಾಷೆಯೂ ನಮಗೆ ಅಷ್ಟೇನೂ ದೂರದ್ದಲ್ಲ. ವಕೀಲ, ಜಾಮೀನು, ಫಿರ್ಯಾದಿ, ತಕರಾರು, ಜಪ್ತಿ, ಕಾಯಿದೆ — ಕನ್ನಡದ ಕೋರ್ಟಿನಲ್ಲಿ ದಿನವೂ ಕೇಳುವ ಇವೆಲ್ಲ ಅರಬಿ, ಪಾರಸಿ ಮೂಲದಿಂದ ಬಂದವು. ಮನೆಯಲ್ಲಿ ಉರ್ದು ಆಡುವವರಿಗಂತೂ ಹೊಸತೇ ಅಲ್ಲ. ‘ಬೇಲ್’ ಕಂಡಾಗ ಜಾಮೀನು, ‘ಪ್ಲೇಂಟಿಫ್’ ಕಂಡಾಗ ಫಿರ್ಯಾದಿ ಎಂದು ಪಕ್ಕದಲ್ಲಿ ಬರೆದುಕೊಂಡರೆ ಪದ ಮರೆಯುವುದಿಲ್ಲ. ಕನ್ನಡ ಗೊತ್ತಿರುವುದು ನಮಗೆ ಅಡ್ಡಿ ಎಂದು ಯಾರು ಹೇಳಿದರೋ!

ಬೆಂಗಳೂರಿನ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಮೀಸಲಾತಿ ಇದೆ. ಅದಕ್ಕೂ ಕ್ಲ್ಯಾಟ್ ದಾಟಲೇಬೇಕು. ಕಾನ್ವೆಂಟ್ ಓದಿದವರೂ ಅದೇ ಸಾಲಿನಲ್ಲಿ ನಿಂತಿರುತ್ತಾರೆ. ನಾವು ಅರ್ಜಿಯನ್ನೇ ಹಾಕದಿದ್ದರೆ ಅವರಿಗೆ ಪೈಪೋಟಿ ಕಡಿಮೆ, ಅಷ್ಟೇ. ಅರ್ಜಿ ಶುಲ್ಕ ಸಾವಿರಗಟ್ಟಲೆ ಇರುವುದರಿಂದ ತಯಾರಿಯಿಲ್ಲದೆ ಸುಮ್ಮನೆ ಬರೆದು ನೋಡೋಣ ಎನ್ನುವಂತೆಯೂ ಇಲ್ಲ.

ಹಾಗಾದರೆ ದಿನಕ್ಕೆ ಎಷ್ಟು? ಒಂದು ಸಂಪಾದಕೀಯ, ಐದು ಹೊಸ ಪದ ಸಾಕು. ಮೊದಲು ಅರ್ಥ ಊಹಿಸಿ, ಆಮೇಲೆ ಡಿಕ್ಷನರಿ ನೋಡಿ, ಸ್ವಂತ ವಾಕ್ಯದಲ್ಲಿ ಬರೆಯಿರಿ. ವಾಕ್ಯ ತಪ್ಪಾದರೂ ಪರವಾಗಿಲ್ಲ, ತಿದ್ದಲು ಇಂಗ್ಲಿಷ್ ಉಪನ್ಯಾಸಕರಿದ್ದಾರೆ.

ಇನ್ನೊಂದು ಮಾತು ಗ್ರಂಥಾಲಯದ ಸರ್ ಅವರಿಗೆ. ಕಾಲೇಜಿಗೆ ಬರುವ ಒಂದೇ ಇಂಗ್ಲಿಷ್ ಪತ್ರಿಕೆ ಮಧ್ಯಾಹ್ನದವರೆಗೆ ಸ್ಟಾಫ್ ರೂಮಿನಲ್ಲೇ ಇರುತ್ತದೆ. ಇನ್ನೊಂದು ಪ್ರತಿ ತರಿಸಿ ಓದುವ ಮೇಜಿನ ಮೇಲೆ ಇಡಿಸಿದರೆ, ಬೆಳಗ್ಗೆ ಬಸ್ಸಿಳಿದು ಬೆಲ್ ಆಗುವವರೆಗೆ ಕಾಯುವ ನಮಗೆ ಅರ್ಧ ಗಂಟೆ ಸಿಗುತ್ತದೆ.