ಪುಕ್ಕಟೆ ಪಾಯಿಂಟು: ಯಾರ ಗಂಟು, ಯಾರಿಗೆ ಬಹುಮಾನ?

ಬೆಂಗಳೂರಿನ ಅವೆನ್ಯೂ ರಸ್ತೆಯನ್ನು ಹಳಬರು ಈಗಲೂ ದೊಡ್ಡಪೇಟೆ ಎಂದೇ ಕರೆಯುತ್ತಾರೆ. ಮೈಸೂರು ಬ್ಯಾಂಕ್ ವೃತ್ತದಿಂದ ಸಿಟಿ ಮಾರ್ಕೆಟ್ಟಿನ ಕಡೆಗೆ ಇಳಿಯುವ ಆ ಇಕ್ಕಟ್ಟಾದ ಬೀದಿಗೆ, ರಾತ್ರಿಶಾಲೆಯ ಮಕ್ಕಳಿಗೆ ನೋಟುಬುಕ್ಕು ತರಲು ಮೊನ್ನೆ ಹೋಗಿದ್ದೆವು. ನಮ್ಮ ಮುಂದೆ ನಿಂತಿದ್ದ ಗಿರಾಕಿಯೊಬ್ಬರು 5,000 ರೂ. ಸರಕಿಗೆ ಕ್ರೆಡಿಟ್ ಕಾರ್ಡು ಚಾಚಿದರು. "ಕಾರ್ಡಾದರೆ ನೂರಕ್ಕೆ ಎರಡು ರೂಪಾಯಿ ಜಾಸ್ತಿ ಆಗುತ್ತೆ ಸಾರ್" ಎಂದರು ಅಂಗಡಿಯವರು. "ಬ್ಯಾಂಕು ಪುಕ್ಕಟೆ ಕೊಡೋ ಪಾಯಿಂಟನ್ನ ನಾನ್ಯಾಕೆ ಬಿಡಲಿ? ಜಾಸ್ತಿಯೂ ಕೊಡೋಲ್ಲ" ಎಂದು ಗಿರಾಕಿ ಜಗಳಕ್ಕೇ ನಿಂತರು. ಹಿಂದೆ ಜನ ಸೇರಿತು. ಅಂಗಡಿಯವರು ಸೋತು ಕಾರ್ಡು ಉಜ್ಜಿದರು.

ಪುಕ್ಕಟೆ! ಈ ಒಂದು ಮಾತನ್ನು ಒರೆಗೆ ಹಚ್ಚಬೇಕಾಗಿದೆ.

ಕಾರ್ಡು ಉಜ್ಜಿದಾಗ ಅಂಗಡಿಯವನಿಗೆ ಪೂರ್ತಿ ಹಣ ಬರುವುದಿಲ್ಲ. ಎಂ.ಡಿ.ಆರ್. ಎಂಬ ಹೆಸರಿನಲ್ಲಿ ಒಂದು ಪಾಲು ಕಡಿತವಾಗುತ್ತದೆ. ಅದು ನೂರಕ್ಕೆ ಎರಡು ಎಂದಿಟ್ಟುಕೊಳ್ಳಿ, 5,000 ರೂ.ಗೆ 100 ರೂ. ಹೋಯಿತು, ಅದರ ಮೇಲೆ ಜಿ.ಎಸ್.ಟಿ. ಬೇರೆ. ಇದರಲ್ಲಿ ಹೆಚ್ಚಿನ ಭಾಗ ಕಾರ್ಡು ಕೊಟ್ಟ ಬ್ಯಾಂಕಿಗೆ, ಉಳಿದದ್ದು ಯಂತ್ರ ಇಟ್ಟ ಬ್ಯಾಂಕಿಗೂ ಕಾರ್ಡಿನ ಕಂಪನಿಗೂ ಸಲ್ಲುತ್ತದೆ. ಗಿರಾಕಿಗೆ ಬಂದದ್ದೆಷ್ಟು? ನೂರು ರೂಪಾಯಿಗೆ ಎರಡು ಪಾಯಿಂಟು, ಪಾಯಿಂಟಿಗೆ ನಾಲ್ಕಾಣೆ ಎಂದರೆ 25 ರೂ. ಅಂಗಡಿಯವನ ಗಲ್ಲಾದಿಂದ ನೂರು ತೆಗೆದು, ಇಪ್ಪತ್ತೈದನ್ನು ಗಿರಾಕಿಯ ಕೈಗಿಟ್ಟು, "ನಮ್ಮ ಉಡುಗೊರೆ" ಎನ್ನುವ ಈ ದಾನಶೂರರಿಗೆ ಏನೆನ್ನೋಣ?

ಸಣ್ಣ ವರ್ತಕ ಎಷ್ಟು ದಿನ ಈ ನಷ್ಟ ಹೊರುತ್ತಾನೆ? ಸರಕಿನ ಬೆಲೆಗೇ ಅದನ್ನು ಸೇರಿಸುತ್ತಾನೆ. ಆಗ ಕಾರ್ಡಿಲ್ಲದೆ ನಗದು ಎಣಿಸುವ ಗಿರಣಿ ಕಾರ್ಮಿಕನೂ ಆ ಬೆಲೆಯನ್ನೇ ತೆರುತ್ತಾನೆ. ಪಾಯಿಂಟು ಮಾತ್ರ ಕಾರ್ಡಿನವರದು. ಇದು ನಮ್ಮ ಕಲ್ಪನೆಯಲ್ಲ. ಅಮೆರಿಕದಲ್ಲಿ ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರೇ 2010ರಲ್ಲಿ ಲೆಕ್ಕ ಹಾಕಿ ತೋರಿಸಿದರು: ನಗದು ಕೊಡುವ ಒಂದು ಸಂಸಾರದಿಂದ ವರ್ಷಕ್ಕೆ ಸರಾಸರಿ 149 ಡಾಲರ್ ಹೋಗುತ್ತದೆ, ಕಾರ್ಡು ಬಳಸುವ ಒಂದು ಸಂಸಾರಕ್ಕೆ 1,133 ಡಾಲರ್ ಬರುತ್ತದೆ. ಬಡವನ ಜೇಬಿನಿಂದ ಉಳ್ಳವನ ಜೇಬಿಗೆ ತೋಡಿದ ಕಾಲುವೆ ಇದು.

"ಜಾಣನಾದವನು ಲಾಭ ಮಾಡಿಕೊಳ್ಳಬಾರದೇ?" ಎಂದು ಕೇಳುವವರುಂಟು. ಮಾಡಿಕೊಳ್ಳಲಿ, ನಾವು ಅಡ್ಡ ಬರುವುದಿಲ್ಲ. ಆದರೆ ಆ ಜಾಣತನದ ಅಡಿಯಲ್ಲಿ ಎಷ್ಟು ಜನ ತುಳಿಸಿಕೊಂಡಿದ್ದಾರೆ ಎಂಬುದನ್ನು ನೋಡಬೇಕು. ಪಾಯಿಂಟಿನ ಆಸೆಗೆ ಕಾರ್ಡು ಪಡೆದ ಕಾರ್ಮಿಕ ಮಗಳ ಮದುವೆಗೋ, ಹೆರಿಗೆಗೋ 20,000 ರೂ. ಉಜ್ಜಿದ ಎನ್ನಿ. ಮೇಲಿನ ಲೆಕ್ಕದಲ್ಲಿ ಅವನಿಗೆ ಸಿಕ್ಕಿದ್ದು 100 ರೂ. ಬೆಲೆಯ ಪಾಯಿಂಟು. ಬಾಕಿ ಒಂದು ತಿಂಗಳು ನಿಂತಿತು. ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ ಬಡ್ಡಿ 700 ರೂ., ಅದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 126 ರೂ.; ಒಟ್ಟು 826. ಇದು ಒಂದೇ ತಿಂಗಳಿನದು! ಶಾಲೆಯಲ್ಲಿ ಚಕ್ರಬಡ್ಡಿಯನ್ನು ಕರಿಹಲಗೆಯ ಮೇಲೆ ಕಲಿಸಿದ ನಮಗೇ ಈ ಲೆಕ್ಕ ಬರೆಯುವಾಗ ಕೈ ನಡುಗುತ್ತದೆ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಎಂಬ ಗಾದೆ ಇಲ್ಲಿ ತಲೆಕೆಳಗಾಗಿದೆ. ಇಲ್ಲಿ ಇಸ್ಕೊಂಡವನೇ ಕೋಡಂಗಿ.

ಆದ್ದರಿಂದ ಕಾರ್ಡು ಈಗಾಗಲೇ ಕೈಯಲ್ಲಿರುವ ಬಂಧುಗಳು ಇಷ್ಟನ್ನು ನೆನಪಿಡಬೇಕು. ಗಡುವಿನೊಳಗೆ ಪೂರ್ತಿ ಬಾಕಿ ಕಟ್ಟುವವನಿಗೆ ಮಾತ್ರ ಪಾಯಿಂಟು ಲಾಭ. "ಕನಿಷ್ಠ ಮೊತ್ತ ಕಟ್ಟಿದರೆ ಸಾಕು" ಎಂಬುದು ಬಲೆ. ಬಾಕಿ ಉಳಿದರೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಕ್ರೆಡಿಟ್ ಕಾರ್ಡಿನಿಂದ ಎ.ಟಿ.ಎಂ.ನಲ್ಲಿ ನಗದು ತೆಗೆಯಲೇಬೇಡಿ. ಅಂದಿನಿಂದಲೇ ಬಡ್ಡಿ ಏರುತ್ತದೆ. ಅಂಗಡಿಯಲ್ಲಿ ನೂರಕ್ಕೆ ಎರಡು ಹೆಚ್ಚು ಕೊಟ್ಟು ಅರ್ಧ ರೂಪಾಯಿಯ ಪಾಯಿಂಟು ಗಳಿಸುವುದು ವ್ಯಾಪಾರವಲ್ಲ. ಬಂದ ಪಾಯಿಂಟನ್ನು ಚೀಲ, ಗಡಿಯಾರಗಳ ಪಟ್ಟಿಗೆ ಮರುಳಾಗದೆ, ಸೌಲಭ್ಯವಿದ್ದರೆ ಬಿಲ್ಲಿಗೇ ವಜಾ ಮಾಡಿಸಿರಿ. ಅವಧಿ ಮುಗಿಯುವ ದಿನವನ್ನೂ ವಾರ್ಷಿಕ ಶುಲ್ಕವನ್ನೂ ಮೊದಲೇ ಕೇಳಿ. ನೀವು ಕೇಳದೆ ಕಾರ್ಡು ಕಳಿಸುವುದನ್ನು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ ನಿಷೇಧಿಸಿದೆ. ಬಂದರೆ ಮುಲಾಜಿಲ್ಲದೆ ನಿರಾಕರಿಸಿ.

ವರ್ತಕ ಬಂಧುಗಳಿಗೂ ಒಂದು ಮಾತು. ಗಿರಾಕಿ ನಿಮ್ಮ ವೈರಿಯಲ್ಲ. ಬ್ಯಾಂಕಿನ ಖಾತೆಯಿಂದಲೇ ಯು.ಪಿ.ಐ. ಮೂಲಕ ಕೊಡುವ ಹಣಕ್ಕೂ ರುಪೇ ಡೆಬಿಟ್ ಕಾರ್ಡಿಗೂ 2020ರ ಜನವರಿಯಿಂದ ಎಂ.ಡಿ.ಆರ್. ಇಲ್ಲ. ಇದನ್ನು ಗಿರಾಕಿಗೆ ತಿಳಿಸಿ ಹೇಳಿ. ಅವೆನ್ಯೂ ರಸ್ತೆಯಲ್ಲಿ ನಾವು ಕಂಡಂಥ ಜಗಳ ನಿಂತೀತು.

ಆದರೆ ಒಬ್ಬೊಬ್ಬರ ಎಚ್ಚರದಿಂದ ಮಾತ್ರ ಈ ಕೊಳ್ಳೆ ನಿಲ್ಲುವುದಿಲ್ಲ. ಡೆಬಿಟ್ ಕಾರ್ಡಿನ ಕಡಿತಕ್ಕೆ, 20 ಲಕ್ಷ ರೂ.ವರೆಗೆ ವಹಿವಾಟಿರುವ ಸಣ್ಣ ವರ್ತಕರ ಮಟ್ಟಿಗೆ, ನೂರಕ್ಕೆ 40 ಪೈಸೆ ಮೀರಬಾರದೆಂದು ರಿಸರ್ವ್ ಬ್ಯಾಂಕು 2018ರಿಂದ ಮಿತಿ ಹಾಕಿತು. ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿ ಏಕಿಲ್ಲ? ಐರೋಪ್ಯ ಒಕ್ಕೂಟ 2015ರಲ್ಲಿಯೇ ಕಾರ್ಡು ಕೊಟ್ಟ ಬ್ಯಾಂಕಿನ ಪಾಲು ನೂರಕ್ಕೆ 0.3 ಮೀರಕೂಡದೆಂದು ಕಟ್ಟಳೆ ಮಾಡಿತಲ್ಲ! ಬಡ್ಡಿಯ ಕಥೆ ಇನ್ನೂ ಕಠೋರ. ವರ್ಷಕ್ಕೆ ನೂರಕ್ಕೆ 30 ಮೀರಿದ ಕಾರ್ಡಿನ ಬಡ್ಡಿ ಅನ್ಯಾಯವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು; 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಮೀಟರ್ ಬಡ್ಡಿಯವನನ್ನು ಹಿಡಿಯಲು ಕರ್ನಾಟಕದಲ್ಲಿ 2004ರ ಕಾಯಿದೆ ಇದೆ. ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ವರ್ಷಕ್ಕೆ ನೂರಕ್ಕೆ ನಲವತ್ತೆರಡು ಕೀಳುವವನನ್ನು ಹಿಡಿಯುವವರು ಯಾರು?

ಕಡಿತಕ್ಕೊಂದು ಮಿತಿ, ಬಡ್ಡಿಗೊಂದು ಮಿತಿ: ಇವೆರಡನ್ನೂ ಸಂಸತ್ತು ಕಾನೂನಾಗಿ ಮಾಡಬೇಕು. ವರ್ತಕ ಸಂಘಗಳೂ ಕಾರ್ಮಿಕ ಸಂಘಗಳೂ ಒಂದೇ ಮನವಿಗೆ ಸಹಿ ಹಾಕಲಿ. ಅಂಗಡಿಕಟ್ಟೆಯ ಆಚೆಗೊಬ್ಬ, ಈಚೆಗೊಬ್ಬ ನಿಂತು ನೂರು ರೂಪಾಯಿಗಾಗಿ ಕಚ್ಚಾಡುತ್ತಿರುವಷ್ಟು ಕಾಲ, ಆ ನೂರನ್ನು ಒಯ್ಯುವ ಮೂರನೆಯವನು ಸುಖವಾಗಿರುತ್ತಾನೆ.