ಲೆಕ್ಕ ಕಳೆದರೆ ಎಲ್ಲಿ ಹುಡುಕಬೇಕು?

ನಮ್ಮ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆ ಹೊಗೆಸೊಪ್ಪು ಬೆಳೆಯುವ ಮನೆಗಳಿಗೆ ವರ್ಷದಲ್ಲಿ ಎರಡು ಬಿಸಿ. ಒಂದು, ಮಳೆಗಾಲದಲ್ಲಿ ಬ್ಯಾರನ್ನಿನ ಬಿಸಿ. ಇನ್ನೊಂದು, ಹರಾಜು ಮುಗಿದು ಯುಗಾದಿ ಹತ್ತಿರ ಬಂದಾಗ ಲೆಕ್ಕದ ಬಿಸಿ. ಮೊದಲನೆಯದರಲ್ಲಿ ಸೊಪ್ಪು ಹದವಾಗುತ್ತದೆ. ಎರಡನೆಯದರಲ್ಲಿ ಅಣ್ಣತಮ್ಮಂದಿರ ಮನಸ್ಸು ಕೆಡದೆ ಉಳಿದರೆ ಅದೇ ದೊಡ್ಡದು.

2025ರ ಶಿವರಾತ್ರಿ ಕಳೆದ ಮೊದಲ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಿರಿಯಾಪಟ್ಟಣದ ಕಡೆಯಿಂದ ಬಂದ. ಕೈಯಲ್ಲಿ ಒಂದಲ್ಲ, ಎರಡು ಲ್ಯಾಪ್‌ಟಾಪ್. "ಸಾ, ಲೆಕ್ಕವೆಲ್ಲ ಹೋಯ್ತು" ಎಂದ. ಅವನ ಅಣ್ಣ ಗೇಟಿನ ಹೊರಗೆ ಬೈಕಿನ ಮೇಲೆಯೇ ಕೂತಿದ್ದ. "ಒಳಗೆ ಬಾರಪ್ಪ" ಎಂದು ಕರೆದರೆ, "ಪರವಾಗಿಲ್ಲ ಮೇಷ್ಟ್ರೇ, ನೀವು ನೋಡಿ" ಎಂದುಬಿಟ್ಟ. ಆ ಮಾತಿನ ಧಾಟಿಯಲ್ಲೇ ವಿಷಯ ಬರೀ ಕಂಪ್ಯೂಟರಿನದಲ್ಲವೆಂದು ತಿಳಿಯಿತು.

ಇವರದು ಒಟ್ಟು ಕುಟುಂಬದ ಬೇಸಾಯ. ಹೊಲದ ಕೆಲಸ ಅಣ್ಣನದು, ಲೆಕ್ಕ ತಮ್ಮನದು. ಕರ್ನಾಟಕದಲ್ಲಿ ತಂಬಾಕು ಮಂಡಳಿ 1984ರಲ್ಲಿ ಹರಾಜು ಆರಂಭಿಸಿದ ಮೇಲೆ ಮಾರಾಟದ ಹಣಕ್ಕೆ ಚೀಟಿಯುಂಟು, ಬ್ಯಾಂಕಿನ ಪಾಸ್‌ಬುಕ್ ಉಂಟು. ಆದರೆ ಸಸಿ, ಕೂಲಿ, ಸೌದೆ, ಬಾಡಿಗೆ ಇವೆಲ್ಲ ಕೈಯಿಂದ ಕೈಗೆ ಹೋಗುವ ಹಣ. ಅದಕ್ಕೆ ಸಾಕ್ಷಿ ಮನೆಯ ಲೆಕ್ಕವೊಂದೇ. ಈ ಹುಡುಗ ಅದನ್ನು ನಾಲ್ಕು ವರ್ಷಗಳಿಂದ ಗ್ನೂಕ್ಯಾಶ್ ಎಂಬ ತಂತ್ರಾಂಶದಲ್ಲಿ ಬರೆದಿಡುತ್ತಿದ್ದ. ಹಣ ಕೊಡದೆ ಪಡೆಯಬಹುದಾದ, 1998ರಿಂದ ಬಳಕೆಯಲ್ಲಿರುವ ಮುಕ್ತ ತಂತ್ರಾಂಶವದು. ಅಂಗಡಿಯವರು ಬಳಸುವ, ಬೆಂಗಳೂರಿನಲ್ಲೇ ಹುಟ್ಟಿದ ಟ್ಯಾಲಿಯಷ್ಟು ನಮ್ಮ ಕಡೆ ಹೆಸರಾಗಿಲ್ಲ. ಮನೆಯ ಲೆಕ್ಕಕ್ಕೆ ಧಾರಾಳ ಸಾಕು.

ಸಂಕ್ರಾಂತಿಯ ಹಿಂದಿನ ಸಂಜೆ ಹಳೆಯ ಲ್ಯಾಪ್‌ಟಾಪ್ ಕೆಲಸದ ನಡುವೆಯೇ ಆರಿಹೋಯಿತಂತೆ. ಬ್ಯಾಟರಿ ಸತ್ತಿತ್ತು, ಕರೆಂಟೂ ಹೋಗಿತ್ತು. ಇನ್ನು ಇದನ್ನು ನಂಬುವುದು ಬೇಡವೆಂದು ಹೊಸದು ತಂದ. ಪೆನ್‌ಡ್ರೈವಿನಲ್ಲಿ ಲೆಕ್ಕದ ಕಡತವನ್ನು ಹೊಸದಕ್ಕೆ ಹಾಕಿಕೊಂಡ. ಪಾಲಿನ ಲೆಕ್ಕಕ್ಕೆ ಕೂತಾಗ ನೋಡಿದರೆ, ತಾನು ಮಾಡಿಟ್ಟಿದ್ದ 'ಇಬ್ಬರ ಪಾಲು' ಎಂಬ ವರದಿಯೇ ಇಲ್ಲ. ಅಷ್ಟೇ ಅಲ್ಲ, ಡಿಸೆಂಬರ್ 18ರ ನಂತರದ ಒಂದು ದಾಖಲೆಯೂ ಇಲ್ಲ. ಗಾಬರಿಯಲ್ಲಿ ನೆನಪಿನಿಂದಲೇ ಎಲ್ಲವನ್ನೂ ಮತ್ತೆ ತುಂಬಿದ. ಸೌದೆ ಬಾಕಿ ಕೊಟ್ಟದ್ದು 18,500 ಎಂದು ಬರೆದ. ಅಣ್ಣ ಸೌದೆಯವನನ್ನು ಕೇಳಿದರೆ ಅವನು ಹೇಳಿದ್ದು 16,500. ನಡುವಿನ ಎರಡು ಸಾವಿರ ಎಲ್ಲಿ ಹೋಯಿತು? ಅಣ್ಣ ಗೇಟಿನ ಹೊರಗೆ ಕೂತದ್ದು ಇದಕ್ಕಾಗಿ.

ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳೋಣ. ದಾಖಲೆ ಬೇರೆ, ವರದಿ ಬೇರೆ. ಹಿಂದಿನ ಅಂಗಡಿಗಳಲ್ಲಿ ದಿನದಿನದ ವ್ಯವಹಾರ ಬರೆಯುವ ಕಿರ್ದಿ ಇತ್ತು. ಅದನ್ನು ಹೆಸರುವಾರು ವಿಂಗಡಿಸುವ ಖಾತೆ ಪುಸ್ತಕ ಇತ್ತು. ಯಜಮಾನ "ಈ ವರ್ಷ ಕೂಲಿಗೆ ಎಷ್ಟಾಯಿತು?" ಎಂದು ಕೇಳಿದರೆ ಗುಮಾಸ್ತ ಅವುಗಳಿಂದ ಕೂಡಿಸಿ ಒಂದು ಹಾಳೆಯಲ್ಲಿ ಬರೆದುಕೊಡುತ್ತಿದ್ದ. ಆ ಹಾಳೆ ಹರಿದರೆ ನಷ್ಟವಿಲ್ಲ, ಮತ್ತೆ ಕೂಡಿಸಬಹುದು. ಕಿರ್ದಿ ಹರಿದರೆ ಕಷ್ಟ. ಕಂಪ್ಯೂಟರಿನಲ್ಲೂ ಹೀಗೆಯೇ. ಗ್ನೂಕ್ಯಾಶ್‌ನಲ್ಲಿ ನಾವು ಉಳಿಸಿಟ್ಟ ವರದಿಯೆಂದರೆ ಅಂಕಿಗಳಲ್ಲ, ಕೇವಲ ಪ್ರಶ್ನೆ. ಯಾವ ಖಾತೆಗಳು, ಯಾವ ದಿನದಿಂದ ಯಾವ ದಿನದವರೆಗೆ ಎಂಬಷ್ಟೇ ಅದರಲ್ಲಿರುತ್ತದೆ. ಉತ್ತರವನ್ನು ಪ್ರತಿ ಸಲವೂ ದಾಖಲೆಗಳಿಂದ ಹೊಸದಾಗಿ ಲೆಕ್ಕ ಹಾಕುತ್ತದೆ.

ಈ ಪ್ರಶ್ನೆಗಳನ್ನು ಅದು ಲೆಕ್ಕದ ಕಡತದೊಳಗೆ ಇಡುವುದಿಲ್ಲ. ಬೇರೊಂದು ಕಡೆ ಇಡುತ್ತದೆ. ವಿಂಡೋಸ್ ಇರುವ ಯಂತ್ರದಲ್ಲಿ ಬಳಕೆದಾರನ ಹೆಸರಿನ ಫೋಲ್ಡರಿನಲ್ಲಿ ಆಪ್‌ಡೇಟಾ, ಅದರೊಳಗೆ ರೋಮಿಂಗ್, ಅದರೊಳಗೆ ಗ್ನೂಕ್ಯಾಶ್ ಎಂಬ ಫೋಲ್ಡರ್ ಇದೆ. ಆಪ್‌ಡೇಟಾ ಸಾಮಾನ್ಯವಾಗಿ ಕಣ್ಣಿಗೆ ಕಾಣದಂತೆ ಅಡಗಿರುತ್ತದೆ. ಅಡಗಿದ್ದನ್ನು ತೋರಿಸು ಎಂಬ ಆಯ್ಕೆಯನ್ನು ಒತ್ತಬೇಕು. ಅಲ್ಲಿ 'ಸೇವ್ಡ್ ರಿಪೋರ್ಟ್ಸ್' ಎಂದು ಆರಂಭವಾಗುವ ಪುಟ್ಟ ಕಡತ ಸಿಗುತ್ತದೆ. ಹುಡುಗ ಲೆಕ್ಕವನ್ನು ಹೊತ್ತು ತಂದಿದ್ದ, ಇದನ್ನು ಹಳೆಯ ಮನೆಯಲ್ಲೇ ಬಿಟ್ಟಿದ್ದ. ಹಳೆಯ ಲ್ಯಾಪ್‌ಟಾಪನ್ನು ಪ್ಲಗ್ಗಿಗೆ ಸಿಕ್ಕಿಸಿದಾಗ ಎದ್ದು ಕೂತಿತು. ತಂತ್ರಾಂಶವನ್ನು ಮುಚ್ಚಿ, ಆ ಕಡತವನ್ನು ಹೊಸದರ ಅದೇ ಜಾಗಕ್ಕೆ ಹಾಕಿ ತೆರೆದೆವು. ವರದಿ ಬಂತು.

ಇನ್ನು ಕಾಣೆಯಾದ ದಾಖಲೆಗಳು. ಹಳೆಯದರಲ್ಲಿ ಲೆಕ್ಕದ ಫೋಲ್ಡರ್ ತೆರೆದರೆ ಒಂದೇ ಹೆಸರಿನ ಹತ್ತಾರು ಕಡತಗಳು. ಹೆಚ್ಚಿನವಕ್ಕೆ ಬಾಲದಂತೆ ಹದಿನಾಲ್ಕು ಅಂಕಿ. ಒಂದರಲ್ಲಿ 20241218193045 ಎಂದಿತ್ತು. ತರಗತಿಯಲ್ಲಿ ಕೇಳುವಂತೆ "ಇದೇನಯ್ಯ?" ಎಂದೆ. ಅವನಿಗೆ ಗೊತ್ತಿರಲಿಲ್ಲ. ಬಿಡಿಸಿ ಓದಿದರೆ 2024ನೇ ಇಸವಿ, 12ನೇ ತಿಂಗಳು, 18ನೇ ತಾರೀಖು, ಸಂಜೆ 7 ಗಂಟೆ 30 ನಿಮಿಷ 45 ಸೆಕೆಂಡು. ನಾವು ಪ್ರತಿ ಸಲ ಉಳಿಸಿದಾಗಲೂ ಗ್ನೂಕ್ಯಾಶ್ ಹಿಂದಿನ ಪ್ರತಿಯನ್ನು ಹೀಗೆ ಕಾಲದ ಮುದ್ರೆಯೊತ್ತಿ ಪಕ್ಕಕ್ಕಿಡುತ್ತದೆ. ಹುಡುಗ ಪೆನ್‌ಡ್ರೈವಿಗೆ ಹಾಕಿಕೊಂಡದ್ದು ಈ ಹಳೆಯ ಪ್ರತಿಯನ್ನು. ಬಾಲವಿಲ್ಲದ ಅಸಲು ಕಡತ ಅಲ್ಲೇ ಇತ್ತು. ಅದನ್ನು ತೆರೆದಾಗ ಡಿಸೆಂಬರ್ ಕಳೆದು ಜನವರಿ 12ರವರೆಗಿನ ಎಲ್ಲವೂ ಸಿಕ್ಕಿತು. ಸೌದೆ ಬಾಕಿ ಮಾತ್ರ ಇರಲಿಲ್ಲ.

ಅದನ್ನು ಬರೆದದ್ದು ಜನವರಿ 13ರ ಸಂಜೆ, ಯಂತ್ರ ಆರಿಹೋಗುವ ಸ್ವಲ್ಪ ಮೊದಲು. ಉಳಿಸಿರಲಿಲ್ಲ. ಐದು ನಿಮಿಷಕ್ಕೊಮ್ಮೆ ತಾನೇ ಉಳಿಸಿಕೊಳ್ಳುವ ಸೌಲಭ್ಯವಿದ್ದರೂ ಕಿರಿಕಿರಿಯೆಂದು ಇವನು ನಿಲ್ಲಿಸಿದ್ದ. "ಅದು ಹೋದಂಗೇ ಅಲ್ವಾ ಸಾ?" ಎಂದ. ಅದೇ ಫೋಲ್ಡರಿನಲ್ಲಿ 'ಲಾಗ್' ಎಂದು ಕೊನೆಯಾಗುವ ಕಡತಗಳೂ ಇದ್ದವು. ಅವನ್ನು ಅವನು ಕಸವೆಂದುಕೊಂಡಿದ್ದ.

ಕಡತ ಎಂಬ ಮಾತನ್ನು ನಾವಿಂದು ಫೈಲಿಗೆ ಬಳಸುತ್ತೇವೆ. ಹಿಂದೆ ಕಡತವೆಂದರೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿದ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ. ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ. ಆದರೆ ಕಡತದಲ್ಲಿ ಒರೆಸಿ ಮತ್ತೆ ಬರೆಯಬಹುದಿತ್ತು. ಒರೆಸಿದರೆ ಮೊದಲು ಏನಿತ್ತೆಂದು ಹೇಳುವವರಿಲ್ಲ. ಲಾಗ್ ಇದಕ್ಕೆ ವಿರುದ್ಧ. ಅದರಲ್ಲಿ ಯಾವುದನ್ನೂ ಒರೆಸುವುದಿಲ್ಲ, ಕೆಳಗೆ ಸೇರಿಸುತ್ತಾ ಹೋಗುತ್ತದೆ. ನಾವು ಒಂದು ವ್ಯವಹಾರ ಬರೆದು ಎಂಟರ್ ಒತ್ತಿದೊಡನೆ, ಕಡತ ಉಳಿಸುವ ಮೊದಲೇ, ಲಾಗ್‌ನಲ್ಲಿ ದಿನ, ಗಂಟೆ, ಖಾತೆ, ಮೊತ್ತ ಎಲ್ಲ ದಾಖಲಾಗುತ್ತದೆ. ಅಳಿಸಿದರೆ, ಅಳಿಸಿದ್ದೂ ದಾಖಲಾಗುತ್ತದೆ. ಇದರ ಬೆಲೆ ಸರ್ಕಾರಕ್ಕೂ ಗೊತ್ತು. 2023ರ ಏಪ್ರಿಲ್ 1ರಿಂದ ನಮ್ಮ ದೇಶದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಇರಲೇಬೇಕು, ಅದನ್ನು ಆರಿಸಲು ಬರಬಾರದು ಎಂಬ ನಿಯಮ ಬಂದಿದೆ.

ಲಾಗ್ ಸಾದಾ ಅಕ್ಷರಗಳ ಕಡತ. ಕೊನೆಯದನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಅಷ್ಟರಲ್ಲಿ ಅಣ್ಣ ಯಾವಾಗಲೋ ಒಳಗೆ ಬಂದು ಬಾಗಿಲ ಬಳಿ ನಿಂತಿದ್ದ. ಜನವರಿ 13, ಸಂಜೆ. ಸೌದೆ ಬಾಕಿ. 16,500.

ಯಾರೂ ಮಾತಾಡಲಿಲ್ಲ. ತಮ್ಮ ಕೊಟ್ಟ ದಿನವೇ ಸರಿಯಾಗಿ ಬರೆದಿದ್ದ. ಗಾಬರಿಯಲ್ಲಿ ನೆನಪಿನಿಂದ ಬರೆದಾಗ ತಪ್ಪಿದ್ದ. ಸುಳ್ಳು ಹೇಳಿದ್ದು ಅವನಲ್ಲ, ಅವನ ನೆನಪು. ಅಣ್ಣ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ, "ಇದನ್ನ ಮೊದಲೇ ನೋಡಬಾರದಾಗಿತ್ತೇನೋ" ಎಂದು ತಮ್ಮನನ್ನು ಗದರಿದ. ಹಾಗೆ ಗದರಿದ್ದು ನನಗೆ ಸಮಾಧಾನವಾಯಿತು. ಬೇರೆಯವರನ್ನು ಹಾಗೆ ಯಾರೂ ಗದರುವುದಿಲ್ಲ.

ಲಾಗ್‌ನಲ್ಲಿ ಇದ್ದದ್ದನ್ನು ಲೆಕ್ಕಕ್ಕೆ ಸೇರಿಸಲು ಫೈಲ್ ಪಟ್ಟಿಯ ಇಂಪೋರ್ಟ್‌ನಲ್ಲಿ ಲಾಗನ್ನು 'ರಿಪ್ಲೇ' ಮಾಡುವ ಆಯ್ಕೆಯಿದೆ. ಕೊನೆಯ ಸಲ ಉಳಿಸಿದ ನಂತರದ ಲಾಗನ್ನು ಮಾತ್ರ ಕೊಡಬೇಕು. ಅದನ್ನೂ ಅಸಲಿನ ಮೇಲಲ್ಲ, ಒಂದು ನಕಲಿನ ಮೇಲೆ ಮಾಡಿ ನೋಡಬೇಕು. ನೆನಪಿನಿಂದ ತುಂಬಿದ ಪ್ರತಿಯನ್ನು ಪಕ್ಕಕ್ಕಿಟ್ಟು, ಅಸಲಿನ ನಕಲಿಗೆ ಲಾಗ್ ಸೇರಿಸಿದೆವು. ಅಣ್ಣ ಬೈಕಿನ ಬಾಕ್ಸಿನಿಂದ ತಂತಿಗೆ ಚುಚ್ಚಿದ ಹರಾಜಿನ ಚೀಟಿಗಳನ್ನು ತಂದ. ಒಂದೊಂದಾಗಿ ಓದಿದ, ತಮ್ಮ ಪರದೆಯಲ್ಲಿ ತಾಳೆ ನೋಡಿದ. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಹೊಂದಿತು.

ಓದುಗರಲ್ಲಿ ಯಾರಿಗಾದರೂ ಹೀಗಾದರೆ ಮೊದಲ ಕೆಲಸ, ಏನನ್ನೂ ಮಾಡದಿರುವುದು. ಮತ್ತೆ ತುಂಬಬೇಡಿ, ಹಳೆಯ ಯಂತ್ರದಲ್ಲಿ ತೆರೆದು ಉಳಿಸಲೂಬೇಡಿ. ಗ್ನೂಕ್ಯಾಶ್ ತಾನಾಗಿ ಇಡುವ ಹಳೆಯ ಪ್ರತಿ ಮತ್ತು ಲಾಗ್‌ಗಳಿಗೆ, ನಾವು ಬದಲಿಸದಿದ್ದರೆ, ಮೂವತ್ತೇ ದಿನ ಆಯುಸ್ಸು. ಮೊದಲು ಇಡೀ ಫೋಲ್ಡರನ್ನು ನಕಲು ಮಾಡಿಟ್ಟುಕೊಳ್ಳಿ. ಕಡತವನ್ನೇ ಅಳಿಸಿದ್ದರೆ ಕಸದ ಬುಟ್ಟಿಯ ಚಿತ್ರದೊಳಗೆ ನೋಡಿ. ಅಲ್ಲಿಯೂ ಇಲ್ಲದಿದ್ದರೆ ಯಂತ್ರ ಬಳಸುವುದನ್ನು ನಿಲ್ಲಿಸಿ. ಹಳೆಯ ಬಗೆಯ, ತಿರುಗುವ ತಟ್ಟೆಯ ಡಿಸ್ಕಿನಲ್ಲಿ ಅಳಿಸುವುದೆಂದರೆ ಪುಸ್ತಕದ ಪರಿವಿಡಿಯಿಂದ ಹೆಸರು ಹೊಡೆದಂತೆ. ಆ ಜಾಗದಲ್ಲಿ ಬೇರೆ ಬರೆಯುವವರೆಗೆ ಪುಟ ಇದ್ದೇ ಇರುತ್ತದೆ, ತಿಳಿದವರು ಮೇಲೆತ್ತಬಲ್ಲರು. ಈಗಿನ ಎಸ್‌ಎಸ್‌ಡಿಗಳು ಖಾಲಿಯಾದ ಜಾಗವನ್ನು ತಾವೇ ಬೇಗ ಗುಡಿಸಿಬಿಡುತ್ತವೆ, ಅಲ್ಲಿ ಆಸೆ ಕಡಿಮೆ.

ಹಾಗಾಗುವುದಕ್ಕೆ ಮೊದಲೇ ತಿಂಗಳಿಗೊಮ್ಮೆ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ತೆಗೆದು ಬೇರೆಯವರ ಮನೆಯಲ್ಲಿಡಿ. ಮುಖ್ಯವಾದ ವರದಿಯನ್ನು ಮುದ್ರಿಸಿಕೊಳ್ಳಿ. ಚೀಟಿಗಳನ್ನು ಎಸೆಯಬೇಡಿ. ಆ ಮನೆಯ ಪೆನ್‌ಡ್ರೈವ್ ಈಗ ಅಣ್ಣನ ಹತ್ತಿರ ಇರುತ್ತದೆ.