ಮಾತನಾಡುವ ಆಟಿಕೆಗಳು ಮತ್ತು ನಮ್ಮ ಮಕ್ಕಳ ಮಾತು

ಗುಂಡಿ ಒತ್ತಿದರೆ ಅಕ್ಷರ ಹೇಳುವ ಗೊಂಬೆ, ಎಣಿಕೆ ಕಲಿಸುವ ಪ್ಲಾಸ್ಟಿಕ್ ಲ್ಯಾಪ್‌ಟಾಪ್, ಪುಟಕ್ಕೆ ತಾಗಿಸಿದೊಡನೆ ಕುರ್‌ಆನ್ ಓದುವ ಪೆನ್ನು. ಗಲ್ಫ್‌ನಿಂದ ರಜೆಯಲ್ಲಿ ಬರುವವರ ಪೆಟ್ಟಿಗೆಯಲ್ಲಿ ಇವುಗಳಲ್ಲೊಂದಾದರೂ ಇರುವುದು ಈಗ ವಾಡಿಕೆ. ಮೇಲೆ ‘ಶೈಕ್ಷಣಿಕ’ ಎಂದು ಅಚ್ಚಾಗಿದ್ದರೆ ಹೆತ್ತವರಿಗೆ ನೆಮ್ಮದಿ. ಆ ಪದವನ್ನು ಅಚ್ಚು ಹಾಕಿಸಿದವನು ಶಿಕ್ಷಕನಲ್ಲ, ವ್ಯಾಪಾರಿ ಎಂಬುದನ್ನು ನಾವು ಮರೆಯುತ್ತೇವೆ.

ಇಸ್ಲಾಮ್ ಮಕ್ಕಳ ಆಟವನ್ನು ಹಗುರವಾಗಿ ಕಂಡಿಲ್ಲ. ಹಝ್ರತ್ ಆಯಿಶಾ(ರ)ರ ಗೊಂಬೆಗಳ ನಡುವೆ, ಬಟ್ಟೆಯ ಚೂರುಗಳಿಂದ ಮಾಡಿದ ಎರಡು ರೆಕ್ಕೆಗಳಿದ್ದ ಕುದುರೆಯೊಂದನ್ನು ಪ್ರವಾದಿ(ಸ) ಕಂಡ ಪ್ರಸಂಗ ಸುನನ್ ಅಬೂದಾವೂದ್‌ನಲ್ಲಿದೆ. ಕುದುರೆಗೆ ರೆಕ್ಕೆಯೇ ಎಂದು ಅವರು ವಿಚಾರಿಸಿದರು. ಸುಲೈಮಾನ್(ಅ)ರಿಗೆ ರೆಕ್ಕೆಯುಳ್ಳ ಕುದುರೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂದು ಆಯಿಶಾ(ರ) ಮರುಪ್ರಶ್ನೆ ಹಾಕಿದರು. ಪ್ರವಾದಿ(ಸ) ದವಡೆಹಲ್ಲು ಕಾಣುವಂತೆ ನಕ್ಕರು. ಗೊಂಬೆ ಸಮ್ಮತವೇ ಅಲ್ಲವೇ ಎಂಬ ಚರ್ಚೆಗಷ್ಟೇ ನಾವು ಈ ಹದೀಸನ್ನು ಬಳಸುತ್ತಿದ್ದೇವೆ. ಕುದುರೆ ಏನನ್ನೂ ನುಡಿಯಲಿಲ್ಲ, ಮಾತುಕತೆ ನಡೆದದ್ದು ಮನುಷ್ಯರ ನಡುವೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಅಮೆರಿಕದ ಸಂಶೋಧಕಿ ಅನ್ನಾ ಸೋಸಾ ಅವರು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 10ರಿಂದ 16 ತಿಂಗಳ 26 ಶಿಶುಗಳು ಹೆತ್ತವರೊಂದಿಗೆ ಆಡುವಾಗಿನ ಮಾತನ್ನು ದಾಖಲಿಸಿದರು. ಸದ್ದು, ಬೆಳಕು, ಹಾಡುಗಳ ಆಟಿಕೆ ಇದ್ದಾಗ ಹೆತ್ತವರು ಆಡಿದ ಪದಗಳು ಕಡಿಮೆಯಾದವು. ಪುಸ್ತಕ ಹಿಡಿದಾಗ ಹೆಚ್ಚಾದವು. ಅಧ್ಯಯನ ಸಣ್ಣದು, ನಿಜ. ಆದರೆ ಗೊಂಬೆಯೇ ಮಾತನಾಡುತ್ತಿರುವಾಗ ತಾಯಿ ಸುಮ್ಮನಾಗುವುದನ್ನು ನಮ್ಮ ಮನೆಗಳಲ್ಲೂ ಕಾಣಬಹುದು.

ಕುರ್‌ಆನ್ ಪೆನ್ನಿನ ವಿಚಾರವನ್ನು ಬಿಡಿಸಿಯೇ ಹೇಳಬೇಕು. ಪುಟದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆಗಳಿರುತ್ತವೆ. ಪೆನ್ನಿನ ತುದಿಯ ಪುಟ್ಟ ಕ್ಯಾಮರಾ ಅವನ್ನು ಗುರುತಿಸಿ, ಮೆಮೊರಿಯಲ್ಲಿರುವ ಖಾರಿಯ ಧ್ವನಿಯನ್ನು ಕೇಳಿಸುತ್ತದೆ. ಒಳ್ಳೆಯ ಪಾರಾಯಣ ಮನೆಯಲ್ಲಿ ಕೇಳಿಬರುವುದು ಭಾಗ್ಯವೇ. ಆದರೆ ಈ ಪೆನ್ನಿಗೆ ಬಾಯಿದೆ, ಕಿವಿಯಿಲ್ಲ. ಕನ್ನಡದ ನಾಲಗೆಗೆ ‘ಖಾಫ್’ ಸುಲಭವಲ್ಲ. ಗಂಟಲಿನಾಳದಿಂದ ಹೊರಡಬೇಕಾದ ಆ ಅಕ್ಷರ ‘ಕಾಫ್’ ಆದರೆ ಹೃದಯ ಎಂಬರ್ಥದ ‘ಖಲ್ಬ್’ ನಾಯಿ ಎಂಬರ್ಥದ ‘ಕಲ್ಬ್’ ಆಗುತ್ತದೆ. ಮಗು ಹಾಗೆ ನೂರು ಸಲ ಓದಿದರೂ ಪೆನ್ನು ತಡೆಯುವುದಿಲ್ಲ. ತಪ್ಪು ಗಟ್ಟಿಯಾದ ಮೇಲೆ ಅದನ್ನು ಬಿಡಿಸಲು ತಿಂಗಳುಗಳೇ ಬೇಕು. ಮದ್ರಸಾದಲ್ಲಿ ಪಾಠ ಹೇಳುವ ಯಾರನ್ನಾದರೂ ಕೇಳಿ ನೋಡಿ.

ಹಾಗೆಂದು ಯಂತ್ರವೆಲ್ಲ ವ್ಯರ್ಥ ಎನ್ನುವವರ ಸಾಲಿನಲ್ಲಿ ನಾವಿಲ್ಲ. ಸೀಮೋರ್ ಪೇಪರ್ಟ್ ಮತ್ತು ಸಂಗಡಿಗರು 1967ರಲ್ಲಿ ರೂಪಿಸಿದ ‘ಲೋಗೊ’ ಭಾಷೆಯಲ್ಲಿ ಮಗುವೇ ಆಮೆಯೊಂದಕ್ಕೆ ಆಜ್ಞೆ ಕೊಟ್ಟು ಚಿತ್ರ ಬಿಡಿಸುತ್ತದೆ. ಚೌಕ ಬರೆಯುವಾಗ 90 ಡಿಗ್ರಿಯ ಬದಲು 80 ಎಂದರೆ ಮೂಲೆ ಕೂಡುವುದಿಲ್ಲ. ತಪ್ಪೆಲ್ಲೆಂದು ಮಗುವೇ ಹುಡುಕಬೇಕು. ಅದೇ ಪರಂಪರೆಯ ‘ಸ್ಕ್ರ್ಯಾಚ್’ 2007ರಿಂದ ಉಚಿತವಾಗಿ ಸಿಗುತ್ತಿದೆ. ಆಜ್ಞೆ ಕೊಡುವವರು ಯಾರು, ಮಗುವೋ ಆಟಿಕೆಯೋ? ಕೊಳ್ಳುವ ಮುನ್ನ ನಾವು ಕೇಳಬೇಕಾದದ್ದು ಇಷ್ಟೇ. (ಅಂತರ್ಜಾಲಕ್ಕೆ ಜೋಡಿಸುವ ಗೊಂಬೆಗಳ ಕಥೆ ಬೇರೆ. ‘ಮೈ ಫ್ರೆಂಡ್ ಕೈಲಾ’ ಎಂಬ ಗೊಂಬೆಯನ್ನು ಜರ್ಮನಿ 2017ರಲ್ಲಿ ಗುಪ್ತವಾಗಿ ಆಲಿಸುವ ಸಾಧನವೆಂದು ಪರಿಗಣಿಸಿ ನಿಷೇಧಿಸಿತು.)

ಪೆನ್ನು ಈಗಾಗಲೇ ಮನೆಗೆ ಬಂದಿದ್ದರೆ ಕಪಾಟಿನಲ್ಲಿ ಇಡಬೇಕಾಗಿಲ್ಲ. ಒಂದು ಆಯತ್ ಕೇಳಿಸಿ ನಿಲ್ಲಿಸಿ. ಮಗು ಅದನ್ನು ಉಮ್ಮನಿಗೋ ಅಜ್ಜಿಗೋ ಓದಿ ಒಪ್ಪಿಸಲಿ. ಸಂದೇಹ ಬಂದ ಪದವನ್ನು ಚೀಟಿಯಲ್ಲಿ ಬರೆದು ಮರುದಿನ ಮದ್ರಸಾಕ್ಕೆ ಕಳುಹಿಸಿದರೆ, ಉಸ್ತಾದರಿಗೆ ಅದು ಐದು ನಿಮಿಷದ ಕೆಲಸ.